ಸಿಎಂಎಲ್ ರಿಪೋರ್ಟ್ ಓದುವುದು, ಬೋನ್ ಮ್ಯಾರೋ ಟೆಸ್ಟಿಗೆ ತಯಾರಾಗುವುದು

ರಿಪೋರ್ಟಿನಲ್ಲಿ ‘ಟಿ(9;22)’ ಅಂತಲೋ ‘ಬಿಸಿಆರ್-ಎಬಿಎಲ್1 ಪಾಸಿಟಿವ್’ ಅಂತಲೋ ಇದ್ದರೆ, ರಕ್ತ ಹುಟ್ಟಿಸುವ ಜೀವಕೋಶಗಳಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ (ಜೀನುಗಳನ್ನು ಹೊತ್ತ ಎಳೆಗಳ) ತುಂಡುಗಳು ಅದಲುಬದಲಾಗಿ, ಬಿಸಿಆರ್-ಎಬಿಎಲ್1 ಎಂಬ ಕೂಡಿಕೊಂಡ ಜೀನ್ ಆಗಿದೆ ಎಂದರ್ಥ. ಸಿಎಂಎಲ್ (ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ) ಎಂಬ ರಕ್ತದ ಕ್ಯಾನ್ಸರಿನ ಮುಖ್ಯ ಗುರುತು ಇದೇ. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೂ ಹೋಗುವುದಿಲ್ಲ. ಸುಮ್ನೆ ಆ ಚಿಂತೆ ಹಚ್ಚಿಕೊಳ್ಳಬೇಡಿ.

ಮಾತ್ರೆ ಶುರುವಾದ ಮೇಲೆ ರಕ್ತದ ರಿಪೋರ್ಟಿನಲ್ಲಿ ‘ಐಎಸ್’ (ಇಂಟರ್‌ನ್ಯಾಷನಲ್ ಸ್ಕೇಲ್) ಅಂತ ಬರೆದಿರುವ ಬಿಸಿಆರ್-ಎಬಿಎಲ್1 ಶೇಕಡಾ ಲೆಕ್ಕ ನೋಡಿ. 3 ತಿಂಗಳಿಗೆ 10%, 6 ತಿಂಗಳಿಗೆ 1%, ವರ್ಷಕ್ಕೆ 0.1% ಅಥವಾ ಅದಕ್ಕಿಂತ ಕಡಿಮೆ ಆಗಬೇಕು ಅಂತ ಡಾಕ್ಟರು ನೋಡುತ್ತಾರೆ. ಒಂದು ಸಲ ಸ್ವಲ್ಪ ಏರಿದ ತಕ್ಷಣ ಮದ್ದು ಕೈಕೊಟ್ಟಿತು ಅಂದುಕೊಳ್ಳಬೇಡಿ, ಆದರೆ ನಡುವೆ ಮಾತ್ರೆ ತಪ್ಪಿಸಿದ್ದರೆ ಮುಚ್ಚಿಡದೆ ಹೇಳಿ. ಆದಷ್ಟೂ ಈ ಟೆಸ್ಟನ್ನು ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಇನ್ನು ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆಯ ಟೆಸ್ಟ್. ಸೊಂಟದ ಹಿಂಭಾಗದ ಮೂಳೆಯಿಂದ ತೆಗೆಯುತ್ತಾರೆ, ಬೆನ್ನುಹುರಿಗೆ ಸೂಜಿ ತಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಊಟ ಮಾಡಬಹುದಾ ಅಂತಲೂ ಕೇಳಿ, ನಿದ್ದೆ ಮದ್ದು ಕೊಡುವುದಾದರೆ ಖಾಲಿ ಹೊಟ್ಟೆಯಲ್ಲಿ ಬರಹೇಳುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೂ ಮಜ್ಜೆ ಎಳೆಯುವಾಗ ಕೆಲವು ಸೆಕೆಂಡು ಜೋರಾಗಿ ನೋಯುತ್ತದೆ. ಸಡಿಲ ಬಟ್ಟೆ ಹಾಕಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಬ್ಯಾಂಡೇಜ್ 24 ಗಂಟೆ ಒದ್ದೆ ಮಾಡಬೇಡಿ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.