ನೋಟ್ ಹಾಕುವ ಮೋಡ್ ಆನ್ ಇದೆಯಾ, ಆಫ್ ಇದೆಯಾ?

ನಮ್ಮ ಪುಟ್ಟ ಗಾಯನ ತಂಡಕ್ಕೆ ನಾಲ್ಕು ದನಿಯ ಹಾಡುಗಳನ್ನು ಕಂಪ್ಯೂಟರ್‌ನಲ್ಲಿ ಬರೆದು, ಪ್ರಿಂಟ್ ತೆಗೆದು ಕೊಡುವ ಕೆಲಸ ನನ್ನದು. ಒಂದು ಸಲ ಅಭ್ಯಾಸದ ಮಧ್ಯೆ ಆಲ್ಟೋದವರೆಲ್ಲ (ಮೇಲಿನಿಂದ ಎರಡನೇ ದನಿ ಹಾಡುವವರು) 17ನೇ ಬಾರ್‌ನಲ್ಲಿ, ಅಂದರೆ ಎರಡು ಅಡ್ಡಗೆರೆಗಳ ನಡುವಿನ 17ನೇ ತುಂಡಿನಲ್ಲಿ, ತಡವರಿಸಿ ನಿಂತರು. ಮತ್ತೆ ಹಾಡಿಸಿದೆ. ಮತ್ತೆ ಅಲ್ಲೇ ನಿಂತರು. ತಪ್ಪು ಅವರದಲ್ಲ. ನಾನು ಬರೆಯದೇ ಇದ್ದ ಒಂದು ಸ್ವರ ಹಾಳೆಯಲ್ಲಿ ಕೂತಿತ್ತು.

ಆದದ್ದು ಇಷ್ಟು. ಹಿಂದಿನ ರಾತ್ರಿ ಆ ಜಾಗದಿಂದ ಒಮ್ಮೆ ಕೇಳೋಣ ಅಂತ ಬಾರ್ ಮೇಲೆ ಕ್ಲಿಕ್ ಮಾಡಿದ್ದೆ. ಸ್ವರ ಬರೆಯಲು ಸಾಫ್ಟ್‌ವೇರ್‌ನಲ್ಲಿ ಆನ್ ಮಾಡಿಕೊಳ್ಳುವ, ನೋಟ್ ಹಾಕುವ ಮೋಡ್ ಇನ್ನೂ ಆನ್ ಇತ್ತು. ಕ್ಲಿಕ್ ಮಾಡಿದ ಕಡೆ ಹೊಸ ಕ್ವಾರ್ಟರ್ ನೋಟ್ (ಸಾಮಾನ್ಯವಾಗಿ ಒಂದು ಎಣಿಕೆಯ ಸ್ವರ) ಬಿತ್ತು, ಅಲ್ಲಿ ಮೊದಲಿದ್ದದ್ದು ಹೋಯಿತು. ಹಾಡುವವರು ಹಾಳೆಯನ್ನು ನಂಬಿ ಹಾಡುತ್ತಾರೆ. ಆ ನಂಬಿಕೆ ಕೆಡಬಾರದು ಅಂತ ಆವತ್ತಿನಿಂದ ಕೈಗೆ ಕೆಲವು ರೂಢಿ ಮಾಡಿಸಿದ್ದೇನೆ. ಅವು ನಿಮಗೂ ಉಪಯೋಗಕ್ಕೆ ಬರುತ್ತವೆ.

ಮೊದಲು ತೊಂದರೆ ಎಲ್ಲಿದೆ ನೋಡಿ. ನಾನು ಬಳಸುವ, ಸಂಗೀತ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್‌ನಲ್ಲಿ ಎನ್ ಕೀ ಒತ್ತಿದರೆ ನೋಟ್ ಹಾಕುವ ಮೋಡ್ ಶುರುವಾಗುತ್ತದೆ. ಅದು ಆನ್ ಇರುವಾಗ 5 ಒತ್ತಿದರೆ, ಮುಂದೆ ಹಾಕುವ ನೋಟ್ ಕ್ವಾರ್ಟರ್ ಆಗಲಿ ಅಂತ ಅರ್ಥ. ಆಫ್ ಇರುವಾಗ ಅದೇ 5 ಒತ್ತಿದರೆ, ಈಗ ಸೆಲೆಕ್ಟ್ ಆಗಿರುವ ನೋಟೇ ಕ್ವಾರ್ಟರ್ ಆಗಿಬಿಡುತ್ತದೆ. ಅದು ಎರಡರಷ್ಟು ಉದ್ದದ ಹಾಫ್ ನೋಟ್ ಆಗಿತ್ತು ಅಂದುಕೊಳ್ಳಿ. ಅದು ಅರ್ಧಕ್ಕೆ ಇಳಿದು, ಉಳಿದ ಜಾಗಕ್ಕೆ ಒಂದು ರೆಸ್ಟ್, ಅಂದರೆ ಮೌನದ ಗುರುತು, ಬಂದು ಕೂರುತ್ತದೆ. ಮೌಸ್ ಕಥೆಯೂ ಹಾಗೇ. ಮೋಡ್ ಆಫ್ ಇದ್ದರೆ ಕ್ಲಿಕ್ ಮಾಡಿದ್ದು ಸೆಲೆಕ್ಟ್ ಆಗುತ್ತದೆ, ಆನ್ ಇದ್ದರೆ ಸಾಲಿನ ಮೇಲೆ ನೋಟ್ ಬೀಳುತ್ತದೆ. ಒಂದೇ ಬೆರಳು, ಒಂದೇ ಕೀ, ಎರಡು ಕೆಲಸ. ಅದಕ್ಕೇ ನೀವು ಬರೆಯದ ರೆಸ್ಟ್ ಎಲ್ಲಾದರೂ ಕಂಡರೆ ಅಲ್ಲೇ ನಿಲ್ಲಿ. ನನ್ನ ಅನುಭವದಲ್ಲಿ ಮೋಡ್ ತಪ್ಪಿದ್ದಕ್ಕೆ ಮೊದಲ ಗುರುತು ಅದೇ.

ಇದು ಸಂಗೀತ ಬರೆಯುವವರ ಪಾಡು ಮಾತ್ರ ಅಲ್ಲ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬ್ರಾವೋ ಅಂತ, ಬರಹ ಟೈಪ್ ಮಾಡಿ ತಿದ್ದುವ ಒಂದು ಎಡಿಟರ್ ಇತ್ತು. ಅದರಲ್ಲೂ ಅಕ್ಷರಗಳೇ ಆಜ್ಞೆಗಳು. ಟೈಪ್ ಮಾಡುವ ಮೋಡ್‌ನಲ್ಲಿದ್ದೇನೆ ಅಂದುಕೊಂಡು ಆಜ್ಞೆಯ ಮೋಡ್‌ನಲ್ಲಿ 'ಎಡಿಟ್' ಎಂಬ ಇಂಗ್ಲಿಷ್ ಪದ ಹೊಡೆದರೆ ಏನಾಗುತ್ತಿತ್ತು ಗೊತ್ತಾ? ಇ ಅಂದರೆ ಪೂರ್ತಿ ಬರಹ ಸೆಲೆಕ್ಟ್. ಡಿ ಅಂದರೆ ಡಿಲೀಟ್. ಐ ಅಂದರೆ ಇನ್ಸರ್ಟ್. ಕೊನೆಗೆ ಉಳಿಯುತ್ತಿದ್ದದ್ದು ಟಿ ಅಕ್ಷರ ಒಂದೇ. ಅದೇ ಕೇಂದ್ರದಲ್ಲಿದ್ದ ಲ್ಯಾರಿ ಟೆಸ್ಲರ್, ಕಟ್ ಕಾಪಿ ಪೇಸ್ಟ್ ರೂಪಿಸಿದವರಲ್ಲಿ ಒಬ್ಬರು, ಮೋಡ್‌ಗಳೇ ಬೇಡ ಅಂತ ಜೀವನವಿಡೀ ಹೇಳಿದರು. ಅವರ ಕಾರಿನ ನಂಬರ್ ಪ್ಲೇಟಿನ ಮೇಲೂ 'ನೋ ಮೋಡ್ಸ್' ಅಂತಲೇ ಇತ್ತು.

ಶಿಫ್ಟ್ ಕೀ ಒತ್ತಿಹಿಡಿದಿರುವುದನ್ನು ನಾವು ಯಾವತ್ತೂ ಮರೆಯುವುದಿಲ್ಲ ಅಲ್ವಾ? ಬೆರಳು ಅಲ್ಲೇ ಇರುತ್ತದೆ. ಕ್ಯಾಪ್ಸ್ ಲಾಕ್ ಮಾತ್ರ ಮರೆಯುತ್ತೇವೆ. ನೋಟ್ ಹಾಕುವ ಮೋಡ್ ಕ್ಯಾಪ್ಸ್ ಲಾಕ್ ಜಾತಿಗೆ ಸೇರಿದ್ದು. ಒಮ್ಮೆ ಒತ್ತಿ ಕೈ ತೆಗೆದರೆ ಮೈಗೆ ಅದರ ಸುಳಿವೇ ಇರುವುದಿಲ್ಲ. ಹಾಗಾಗಿ ಯಾವ ಮೋಡ್‌ನಲ್ಲಿದ್ದೇನೆ ಅಂತ ನೆನಪಿಟ್ಟುಕೊಳ್ಳಲು ಹೋಗಬೇಡಿ. ಗೊತ್ತಿರುವ ಜಾಗಕ್ಕೆ ವಾಪಸ್ ಬಂದು ಶುರು ಮಾಡಿ.

ಆ ಜಾಗಕ್ಕೆ ಕರೆದುಕೊಂಡು ಬರುವುದು ಎಸ್ಕೇಪ್ ಕೀ. ಇಲ್ಲಿ ಒಂದು ಸೂಕ್ಷ್ಮ ಇದೆ. ಎನ್ ಕೀ ಸ್ವಿಚ್ ಇದ್ದ ಹಾಗೆ. ಆಫ್ ಇದ್ದರೆ ಆನ್ ಮಾಡುತ್ತದೆ, ಆನ್ ಇದ್ದರೆ ಆಫ್ ಮಾಡುತ್ತದೆ. ಸುಮ್ನೆ ಎನ್ ಒತ್ತಿದರೆ ಎತ್ತ ಹೋದೆವು ಅಂತ ಹೇಳಲಾಗದು. ಎಸ್ಕೇಪ್ ಹಾಗಲ್ಲ, ಅದು ಯಾವಾಗಲೂ ಹೊರಗೇ ಕರೆದೊಯ್ಯುತ್ತದೆ. ಈಗಾಗಲೇ ಹೊರಗಿದ್ದರೆ ಇನ್ನೊಮ್ಮೆ ಒತ್ತಿದರೂ ನಷ್ಟ ಇಲ್ಲ, ಸೆಲೆಕ್ಟ್ ಆದದ್ದು ಬಿಟ್ಟುಹೋಗುತ್ತದೆ ಅಷ್ಟೇ. ಆದ್ದರಿಂದ ನನ್ನ ಕ್ರಮ ಯಾವಾಗಲೂ ಒಂದೇ. ಎಸ್ಕೇಪ್ ಎರಡು ಸಲ. ಶುರು ಮಾಡಬೇಕಾದ ನೋಟ್ ಅಥವಾ ರೆಸ್ಟ್ ಮೇಲೆ ಕ್ಲಿಕ್. ಆಮೇಲೆ ಎನ್. ಆಮೇಲೆ ಅವಧಿಯ ಅಂಕಿ. ಆಮೇಲೆ ಸ್ವರದ ಅಕ್ಷರ, ಎ ಯಿಂದ ಜಿ ವರೆಗೆ ಯಾವುದು ಬೇಕೋ ಅದು. ಮೊದಲ ನೋಟ್ ಹಾಕಿದ ತಕ್ಷಣ ಅರೆಗಳಿಗೆ ನಿಲ್ಲುತ್ತೇನೆ. ಅಂದುಕೊಂಡ ಜಾಗದಲ್ಲಿ ಬಿತ್ತಾ, ಅಂದುಕೊಂಡ ದನಿ ಕೇಳಿತಾ? ಹೌದು ಅಂದರೆ ಮುಂದೆ ನಿರಾಳವಾಗಿ ಹೋಗಬಹುದು.

ಟೂಲ್‌ಬಾರ್ ನೋಡಿ ಮೋಡ್ ತಿಳಿದುಕೊಳ್ಳಿ ಅಂತ ಹಲವರು ಹೇಳುತ್ತಾರೆ. ನನಗೆ ಅದು ಸರಿ ಬರಲಿಲ್ಲ. ಕಣ್ಣು ಇರುವುದು ಬಾರ್ ಮೇಲೆ, ಟೂಲ್‌ಬಾರ್ ಇರುವುದು ಎಲ್ಲೋ ತುದಿಯಲ್ಲಿ. ಅದರ ಬದಲು ಸಾಲುಗಳ ಮೇಲೆ ನಿಂತಿರುವ ಬಣ್ಣದ ಪಟ್ಟಿ ನೋಡಿ. ಪಟ್ಟಿ ಇದ್ದರೆ ಮೋಡ್ ಆನ್ ಇದೆ. ಅದರ ಬಣ್ಣ ಇನ್ನೂ ಒಂದು ವಿಷಯ ಹೇಳುತ್ತದೆ. ನೀಲಿ ಆದರೆ ಮೊದಲನೇ ವಾಯ್ಸ್ (ಆ ಸಾಲಿನ ಮೊದಲ ದನಿ), ಹಸಿರಾದರೆ ಎರಡನೆಯದು. ಒಂದೇ ಸಾಲಿನಲ್ಲಿ ಸೊಪ್ರಾನೋ (ಎಲ್ಲಕ್ಕಿಂತ ಮೇಲಿನ ದನಿ), ಆಲ್ಟೋ ಎರಡೂ ಬರೆಯುವಾಗ ಈ ಹಸಿರು ನನ್ನನ್ನು ಎಷ್ಟೋ ಸಲ ಉಳಿಸಿದೆ. ವಾಯ್ಸ್ ಬದಲಿಸಿದ್ದು ಮರೆತರೆ ಸೊಪ್ರಾನೋ ನೋಟ್‌ಗಳು ಆಲ್ಟೋ ಜಾಗಕ್ಕೆ ಹೋಗಿ, ಕಡ್ಡಿಗಳೆಲ್ಲ ಕೆಳಮುಖ ಆಗಿ ಕೂರುತ್ತವೆ.

ಒಂದೇ ಉಸಿರಿಗೆ ಐವತ್ತು ಬಾರ್ ಬರೆಯಬೇಡಿ. ನಾಲ್ಕೋ ಎಂಟೋ ಬಾರ್ ಹಾಕಿ, ಎಸ್ಕೇಪ್ ಒತ್ತಿ, ಕೇಳಿ. ಕೀಬೋರ್ಡ್‌ನಿಂದ ಕೈ ತೆಗೆಯಬೇಕಾಗಿ ಬಂದರೂ ಅಷ್ಟೇ. ಫೋನ್ ಬಂತು, ಯಾರೋ ಕರೆದರು, ಮೊದಲು ಎಸ್ಕೇಪ್, ಆಮೇಲೆ ಮಾತು. ಮೋಡ್ ಮರೆತುಹೋಗುವುದು ಜಾಸ್ತಿ ಇಂಥ ಹೊತ್ತಿನಲ್ಲೇ.

ಆದರೂ ತಪ್ಪಿತು ಅನ್ನಿ. ಆಗ ಇನ್ನಷ್ಟು ಕೀ ಒತ್ತಿ ಸರಿಮಾಡಲು ಹೋಗಬೇಡಿ. ಯಾವ ಮೋಡ್ ಅಂತ ಗೊತ್ತಿಲ್ಲದೆ ಒತ್ತಿದ ಒಂದೊಂದು ಕೀಯೂ ಗಾಯ ದೊಡ್ಡದು ಮಾಡುತ್ತದೆ. ಕೈ ಎತ್ತಿ. ಎಸ್ಕೇಪ್ ಒತ್ತಿ. ಕೊನೆಗೆ ಸರಿಯಾಗಿದ್ದ ಬಾರ್ ಮತ್ತೆ ಕಾಣುವ ತನಕ ಕಂಟ್ರೋಲ್ ಝಡ್ ಒಂದೊಂದೇ ಒತ್ತಿ, ಪ್ರತಿ ಸಲ ಏನು ಬದಲಾಯಿತು ಅಂತ ನೋಡುತ್ತಾ ಹೋಗಿ. ಹಾಗೆ ನೋಡಿದರೆ ಎಲ್ಲಿ ತಪ್ಪಿದ್ದು ಅಂತಲೂ ತಿಳಿಯುತ್ತದೆ.

ಹಾಡಿನ ಸಾಹಿತ್ಯ ಹಾಕುವಾಗ ಕನ್ನಡದವರಿಗೆ ಇನ್ನೊಂದು ತೊಡಕು ಇದೆ. ಕಂಟ್ರೋಲ್ ಎಲ್ ಒತ್ತಿ ಸಾಹಿತ್ಯ ಬರೆಯುತ್ತೇವೆ, ಅದಕ್ಕೆ ಕೀಬೋರ್ಡ್ ಕನ್ನಡಕ್ಕೆ ಬದಲಿಸುತ್ತೇವೆ. ಮುಗಿದ ಮೇಲೆ ನೋಟ್ ಹಾಕಲು ಹೊರಟರೆ ಕೀಗಳು ಮಾತೇ ಕೇಳುವುದಿಲ್ಲ. ಯಾಕಂದರೆ ಎ ಯಿಂದ ಜಿ ವರೆಗಿನ ಅಕ್ಷರಗಳ ಜಾಗದಲ್ಲಿ ಈಗ ಕನ್ನಡ ಅಕ್ಷರಗಳಿವೆ. ಅಲ್ಲಿ ಎಸ್ಕೇಪ್ ಒಂದೇ ಸಾಲದು, ಕೀಬೋರ್ಡ್ ಭಾಷೆಯನ್ನೂ ವಾಪಸ್ ಇಂಗ್ಲಿಷಿಗೆ ತರಬೇಕು. ನಾನು ಈಗ ನೋಟ್‌ಗಳನ್ನೆಲ್ಲ ಮುಗಿಸಿ, ಸಾಹಿತ್ಯಕ್ಕೆ ಬೇರೆಯಾಗಿಯೇ ಕೂರುತ್ತೇನೆ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಕ್ರಮ ಇದೇ, ಕೀ ಮಾತ್ರ ಬೇರೆ. ಡೊರಿಕೋದಲ್ಲಿ ಶಿಫ್ಟ್ ಎನ್ ಒತ್ತಿದರೆ ನೋಟ್ ಹಾಕುವುದು ಶುರು. ಅಲ್ಲಿ ಐ ಒತ್ತಿದರೆ ಇನ್ಸರ್ಟ್ ಮೋಡ್, ಅಂದರೆ ಹೊಸ ನೋಟ್ ಹಾಕಿದಂತೆಲ್ಲ ಮುಂದಿನವು ಆಚೆಗೆ ಸರಿಯುತ್ತವೆ. ಕ್ಯೂ ಒತ್ತಿದರೆ ಕಾರ್ಡ್ ಮೋಡ್, ಅಂದರೆ ನೋಟ್‌ಗಳು ಒಂದರ ಮೇಲೊಂದು ಒಟ್ಟಿಗೆ ಕೂರುತ್ತವೆ, ಆಗ ಕರ್ಸರ್ ಜೊತೆ ಕೂಡಿಸುವ ಚಿಹ್ನೆ ಕಾಣುತ್ತದೆ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಫಿನಾಲೆಯ ಅಭಿವೃದ್ಧಿ 2024ರ ಆಗಸ್ಟ್‌ನಲ್ಲಿ ನಿಂತಿತು. ಅದರಿಂದ ಬೇರೆ ಕಡೆಗೆ ಬಂದವರು ಅಂಕಿಗಳ ಬಗ್ಗೆ ಹುಷಾರಾಗಿರಬೇಕು. ಕ್ವಾರ್ಟರ್ ನೋಟ್‌ಗೆ ಮ್ಯೂಸ್‌ಸ್ಕೋರ್‌ನಲ್ಲಿ 5, ಡೊರಿಕೋದಲ್ಲಿ 6, ಸಿಬೇಲಿಯಸ್ ಕೀಪ್ಯಾಡ್‌ನಲ್ಲಿ 4. ಹಳೆಯ ರೂಢಿ ಬೆರಳಿನಿಂದ ಹೋಗಲು ದಿನ ಹಿಡಿಯುತ್ತದೆ.

ಪ್ರಿಂಟ್ ಕೊಡುವ ಮುಂಚೆ ಈಗ ನಾನು ಎಸ್ಕೇಪ್ ಒತ್ತಿ, ಮೌಸ್ ದೂರ ಸರಿಸಿ, ಒಂದೊಂದೇ ದನಿಯನ್ನು ಬೇರೆಯಾಗಿ ಮೊದಲಿನಿಂದ ಕೇಳುತ್ತೇನೆ. ಎದುರಿಗೆ ನನ್ನ ಕೈಬರಹದ ಹಾಳೆ ಇರುತ್ತದೆ, ಬಾರ್ ದಾಟಿದಂತೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಆಲ್ಟೋ ಸಾಲನ್ನು ಎರಡು ಸಲ ಕೇಳುತ್ತೇನೆ.