ವೇತನ ಮಿತಿಯ ವಿವಾದವನ್ನು ಓದುವ ಬಗೆ

ತಂಡವೊಂದು ವೇತನ ಮಿತಿಯನ್ನು, ಅಂದರೆ ಆಟಗಾರರ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಗರಿಷ್ಠ ಮಿತಿಯನ್ನು, ಮೀರಿದೆ ಎಂಬ ಸುದ್ದಿ ಬಂದಾಗ, ಆ ಲೀಗ್‌ನಲ್ಲಿ ಯಾವುದನ್ನೆಲ್ಲ ವೇತನವೆಂದು ಎಣಿಸುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಜಗಳದ ತಿರುಳು ಬಹುತೇಕ ಅಲ್ಲಿಯೇ ಇರುತ್ತದೆ. ಇಂಗ್ಲೆಂಡಿನ ರಗ್ಬಿ ತಂಡವಾದ ಸಾರಾಸೆನ್ಸ್, ಮಾಲೀಕರು ಆಟಗಾರರೊಂದಿಗೆ ಸೇರಿ ಮಾಡಿದ ಹೂಡಿಕೆಗಳು ಸಂಬಳವಲ್ಲವೆಂದು ವಾದಿಸಿತು. ಸ್ವತಂತ್ರ ಸಮಿತಿ ಅದನ್ನು ಒಪ್ಪದೆ, 2019ರ ನವೆಂಬರ್‌ನಲ್ಲಿ 35 ಅಂಕಗಳನ್ನು ಕಡಿತಗೊಳಿಸಿ ಸುಮಾರು 53.6 ಲಕ್ಷ ಪೌಂಡ್ ದಂಡ ವಿಧಿಸಿತು.

ಬಳಿಕ, ಶಿಕ್ಷೆಯು ಹಳೆಯ ಗೆಲುವುಗಳನ್ನು ಮುಟ್ಟಿತೇ ಎಂದು ನೋಡಿ. ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ ಮೆಲ್ಬರ್ನ್ ಸ್ಟಾರ್ಮ್ ತಂಡದ ಗುಪ್ತ ಪಾವತಿಗಳು 2010ರಲ್ಲಿ ಬಯಲಾದಾಗ, ಅದರ 2007 ಮತ್ತು 2009ರ ಪ್ರಶಸ್ತಿಗಳನ್ನೇ ಹಿಂಪಡೆಯಲಾಯಿತು. ಸಾರಾಸೆನ್ಸ್ ಕೆಳದರ್ಜೆಗೆ ಇಳಿದರೂ ಪ್ರಶಸ್ತಿಗಳನ್ನು ಉಳಿಸಿಕೊಂಡಿತು. ನಿಯಮ ಪಾಲಿಸಿ ಸೋತವರಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ. ಆಟಗಾರರನ್ನು ದೂಷಿಸುವ ಮುನ್ನ, ಒಪ್ಪಂದವನ್ನು ರೂಪಿಸಿದವರು ಯಾರೆಂದು ಹುಡುಕಿ.