ಬೆದರಿ ಓಡಿದ ಎಲ್ಕ್ ಹಿಂಡನ್ನು ಕೂಗಿ ಕರೆಯುವುದು ಹೇಗೆ?

ಎಲ್ಕ್ ಬೇಟೆಗೆ ಹೊಸಬರಾದವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಹಿಂಡು ಬೆದರಿ ಓಡಿದೊಡನೆ ಅಂದಿನ ಬೇಟೆ ಮುಗಿಯಿತೆಂದು ಬಿಲ್ಲನ್ನು ಹೆಗಲಿಗೇರಿಸಿ ಶಿಬಿರದ ದಾರಿ ಹಿಡಿಯುವುದು. ಓಡಿದ ಎಲ್ಕ್‌ಗಳೆಲ್ಲ ಕಣಿವೆ ದಾಟಿ ಹೋಗುವುದಿಲ್ಲ. ಎಷ್ಟೋ ಸಲ ಅವು ನೂರಿನ್ನೂರು ಗಜ ಓಡಿ, ಮರಗಳ ಮರೆಯಲ್ಲಿ ನಿಂತು, ತಮ್ಮನ್ನು ಬೆಚ್ಚಿಸಿದ್ದು ಏನೆಂದು ಹಿಂದಿರುಗಿ ನೋಡುತ್ತಿರುತ್ತವೆ. ಆ ಅನುಮಾನದ ಗಳಿಗೆಯಲ್ಲಿ ಸರಿಯಾದ ಕೂಗು ಕಿವಿಗೆ ಬಿದ್ದರೆ ಅವು ನಿಲ್ಲುತ್ತವೆ, ಕೆಲವೊಮ್ಮೆ ಮರಳಿಯೂ ಬರುತ್ತವೆ.

ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಎಲ್ಕ್, ಅಂದರೆ ವಾಪಿಟಿ ಎಂಬ ದೊಡ್ಡ ಜಿಂಕೆಯ ಬಗ್ಗೆ. ಯುರೋಪಿನವರು ಎಲ್ಕ್ ಎನ್ನುವುದು ಮೂಸ್ ಎಂಬ ಬೇರೆಯೇ ಪ್ರಾಣಿಯನ್ನು. ಬೆಳೆದ ಗಂಡು ಎಲ್ಕ್ 300 ಕಿಲೋಗೂ ಹೆಚ್ಚು ತೂಗುತ್ತದೆ. ಅಮೆರಿಕದಲ್ಲಿ ಇವು ಅತಿ ಹೆಚ್ಚಾಗಿರುವ ಕೊಲೊರಾಡೊ ರಾಜ್ಯದಲ್ಲಿ ಬಿಲ್ಲುಬೇಟೆಗೆ ಸೆಪ್ಟೆಂಬರ್ ತಿಂಗಳಲ್ಲಿ ಅನುಮತಿಯಿದ್ದು, ಅದು ಬೆದೆಗಾಲದೊಂದಿಗೆ ಹೊಂದಿಕೊಳ್ಳುವುದರಿಂದ ಕೂಗಿಗೆ ಅತ್ಯಂತ ಬೆಲೆಯಿರುವುದು ಆಗಲೇ. 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಅಲ್ಲಿ ಪರವಾನಗಿ ಪಡೆಯುವ ಮೊದಲು ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆಗಳ ಬೇಟೆ ಅಪರಾಧವಾದ್ದರಿಂದ, ಈ ಲೇಖನ ಅಲ್ಲಿ ನೆಲೆಸಿ ಪರವಾನಗಿ ಪಡೆದು ಕಾಡಿಗೆ ಹೋಗುವವರಿಗಷ್ಟೇ ಉಪಯುಕ್ತ.

ಬೆದರಿದ್ದು ಯಾತಕ್ಕೆ ಎಂದು ಮೊದಲು ತಿಳಿಯಿರಿ

ಕೂಗುವ ಮುನ್ನ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ನಿಮ್ಮ ವಾಸನೆ ಮೂಗಿಗೆ ಬಡಿದು ಓಡಿದ ಎಲ್ಕ್ ಮರಳುವುದಿಲ್ಲ. ಅದರ ಹಿಂದೆ ಕೂಗಿನ ಪೀಪಿಯನ್ನು ಎಷ್ಟು ಊದಿದರೂ ಮುಂದಿನ ಬೇಟೆಗಾರನ ಅವಕಾಶವನ್ನೂ ಕೆಡಿಸಿದಂತಾಗುತ್ತದೆ, ಅಷ್ಟೇ. ಕಾಲಡಿಯ ಕಡ್ಡಿ ಮುರಿದ ಸದ್ದಿಗೋ, ಬಿಲ್ಲೆತ್ತಿದ ಕೈಯ ಚಲನೆಗೋ ಬೆಚ್ಚಿದ್ದಾದರೆ ಅದಕ್ಕೆ ಅಪಾಯ ಖಚಿತವಾಗಿಲ್ಲ. ಕಡ್ಡಿಯನ್ನು ಇನ್ನೊಂದು ಎಲ್ಕ್ ಕೂಡ ತುಳಿದು ಮುರಿಯಬಹುದಲ್ಲವೇ?

ಗಾಳಿಯನ್ನು ಅರಿಯಲು ಜೇಬಿನಲ್ಲಿ ನುಣುಪಾದ ಪುಡಿಯ ಪುಟ್ಟ ಸೀಸೆ ಇಟ್ಟುಕೊಂಡು ಆಗಾಗ ಒತ್ತಿ ನೋಡಬೇಕು. ಬೆಟ್ಟಸೀಮೆಯಲ್ಲಿ ಬಿಸಿಲೇರಿದಂತೆ ಗಾಳಿ ಇಳಿಜಾರಿನ ಮೇಲಕ್ಕೆ ಏರುತ್ತದೆ, ಸಂಜೆ ತಂಪಾದಂತೆ ಕೆಳಕ್ಕೆ ಇಳಿಯುತ್ತದೆ. ಈ ಎರಡರ ನಡುವಿನ ಹೊತ್ತಿನಲ್ಲಿ ಗಾಳಿ ಸುತ್ತಿ ಸುಳಿಯುವುದರಿಂದ ನಿಮ್ಮ ವಾಸನೆ ಎತ್ತ ಹೋಯಿತೆಂದು ನಿಮಗೇ ತಿಳಿಯದು.

ಮೊದಲ ಕೆಲವು ಸೆಕೆಂಡುಗಳು

ಹಿಂಡು ಜಿಗಿದೊಡನೆ, ಅದು ಇನ್ನೂ ಓಡುತ್ತಿರುವಾಗಲೇ, ಹೆಣ್ಣು ಎಲ್ಕ್‌ನ ಕೂಗನ್ನು ಒಮ್ಮೆ ಊದಬೇಕು. ಬೆಕ್ಕಿನ 'ಮಿಯಾಂವ್' ಅನ್ನು ಹೋಲುವ ಈ ದನಿ ಎತ್ತರದಲ್ಲಿ ಆರಂಭವಾಗಿ ಕೆಳಕ್ಕೆ ಜಾರುತ್ತದೆ. ಇದಕ್ಕೆ ಕುದುರೆ ಲಾಳದಾಕಾರದ ಚೌಕಟ್ಟಿಗೆ ತೆಳುವಾದ ಲೇಟೆಕ್ಸ್ ಪೊರೆ ಬಿಗಿದ, ಅಂಗುಳಿಗೆ ಒತ್ತಿ ಇಟ್ಟುಕೊಳ್ಳುವ ಡಯಾಫ್ರಮ್ ಪೀಪಿಯೇ ಉತ್ತಮ, ಏಕೆಂದರೆ ಎರಡೂ ಕೈಗಳು ಬಿಲ್ಲಿಗೆ ಬಿಡುವಾಗಿರುತ್ತವೆ. ನಾಲಿಗೆಯನ್ನು ಪೊರೆಗೆ ಒತ್ತಿ ಊದಲು ಆರಂಭಿಸಿ, ದವಡೆಯನ್ನು ಮೆಲ್ಲಗೆ ಇಳಿಸುತ್ತ ಒತ್ತಡ ಸಡಿಲಿಸಿದರೆ ದನಿ ತಾನಾಗಿ ಜಾರುತ್ತದೆ. ಮೊದಮೊದಲು ಓಕರಿಕೆ ಬರುತ್ತದೆ. ನನಗೆ ಸುಮಾರು ಒಂದು ವಾರ ಅದನ್ನು ಬಾಯಲ್ಲಿಟ್ಟುಕೊಂಡು ಕಾರು ಓಡಿಸಿದ ಮೇಲಷ್ಟೇ ಅಭ್ಯಾಸವಾಯಿತು, ಪಕ್ಕದ ಸೀಟಿನವರ ಸಹನೆಯ ಮಾತು ಬೇರೆ. ಅಭ್ಯಾಸವಾಗುವವರೆಗೆ ಕಚ್ಚಿ ಊದುವ ಸರಳ ಪೀಪಿಯೂ ಸಾಕು. ಧ್ವನಿಮುದ್ರಿತ ಕೂಗನ್ನು ನುಡಿಸುವ ವಿದ್ಯುನ್ಮಾನ ಯಂತ್ರಗಳು ಅಲ್ಲಿನ ಹಲವು ರಾಜ್ಯಗಳಲ್ಲಿ ನಿಷಿದ್ಧ.

ಇಲ್ಲಿ ಗಂಡಿನ ಬ್ಯೂಗಲ್ ಎಂಬ ಉದ್ದನೆಯ, ಸಿಳ್ಳಿನಂಥ ಕೂಗನ್ನು ಊದುವ ಆಸೆಯನ್ನು ತಡೆಯಿರಿ. ಅದು ಸವಾಲು, ಬೆದರಿದ ಹಿಂಡಿಗೆ ಬೇಕಾದದ್ದು ಸಮಾಧಾನ. ಹಿಂಡಿನ ಗಂಡು ಜಗಳಕ್ಕೆ ನಿಲ್ಲುವ ಬದಲು ತನ್ನ ಹೆಣ್ಣುಗಳನ್ನು ಒಟ್ಟುಗೂಡಿಸಿಕೊಂಡು ಇನ್ನೂ ದೂರ ಅಟ್ಟಿಕೊಂಡು ಹೋಗುವುದೇ ಹೆಚ್ಚು.

ಕೂಗಿಗೆ ನಿಂತ ಎಲ್ಕ್ ಅನ್ನು ಒಮ್ಮೆ ಹತ್ತಿರದಿಂದ ನೋಡಿದವರು ಮರೆಯಲಾರರು. ಕಾಲುಗಳು ಸೆಟೆದಿರುತ್ತವೆ, ಕತ್ತು ಹಿಂದಕ್ಕೆ ಹೊರಳಿರುತ್ತದೆ, ಕಿವಿಗಳೆರಡೂ ನಿಮ್ಮ ಕಡೆಗೇ ಚಾಚಿರುತ್ತವೆ. ನೀವು ರೆಪ್ಪೆ ಹೊಡೆಯಲೂ ಹಿಂಜರಿಯುವ ಆ ನಿಮಿಷದಲ್ಲಿ ಅದರ ಒಂದು ಕಿವಿ ಬೇರೆಡೆಗೆ ತಿರುಗಿದರೆ, ಬಿಗಿ ಸಡಿಲುತ್ತಿದೆ ಎಂದು ತಿಳಿಯಬಹುದು. ಅಲ್ಲಿಯವರೆಗೆ ಅಲುಗಬಾರದು.

ಬೊಗಳಿದರೆ ಏನು ಮಾಡಬೇಕು?

ನಾಗರಹೊಳೆ, ಬಂಡೀಪುರಗಳಲ್ಲಿ ಹುಲಿಯನ್ನು ಕಂಡ ಕಡವೆ ಹೊರಡಿಸುವ ಎಚ್ಚರಿಕೆಯ ಕೂಗನ್ನು ಕೇಳಿದವರಿಗೆ ಎಲ್ಕ್‌ನ ಬೊಗಳು ತೀರಾ ಅಪರಿಚಿತವೆನಿಸದು: ಚುರುಕಾದ, ಒಡೆದ, ಒಂಟಿ ಸದ್ದು. ಇದನ್ನು ಕೇಳಿ ಹಲವರು ನಿರಾಶರಾಗುತ್ತಾರೆ. ನಿಜಕ್ಕೂ ಅದು ಬಹುಮಟ್ಟಿಗೆ 'ನಿನ್ನನ್ನು ಕಂಡೆ, ಆದರೆ ನೀನು ಯಾರೆಂದು ತಿಳಿಯಲಿಲ್ಲ, ಮುಂದೆ ಬಾ' ಎನ್ನುವ ಸೂಚನೆ. ತುಸು ತಡೆದು ಮೃದುವಾದ ಹೆಣ್ಣುಕೂಗನ್ನು ಮರುನುಡಿಯಿರಿ. ಅದು ಬೊಗಳುತ್ತಲೇ ಇದ್ದರೆ ಒಮ್ಮೆ ಬೊಗಳಿಗೆ ಬೊಗಳನ್ನೇ ಮರುನುಡಿದು ಸುಮ್ಮನಾಗುವ ಉಪಾಯವನ್ನೂ ಅನುಭವಿಗಳು ಬಳಸುತ್ತಾರೆ. ಕೂಗುತ್ತಲೇ ಇರುವವರಿಗಿಂತ ಸುಮ್ಮನಿರಬಲ್ಲವರಿಗೆ ಹೆಚ್ಚು ಎಲ್ಕ್ ಕಾಣಿಸುತ್ತವೆ ಎಂಬುದು ನನ್ನ ಅನುಭವ.

ಹಿಂಡು ಚೆದುರಿದ್ದರೆ

ಹಿಂಡು ಎರಡು ಮೂರು ಗುಂಪಾಗಿ ಒಡೆದು ಓಡಿದ್ದರೆ ಅದು ಬೇಟೆಗಾರನಿಗೆ ಅನುಕೂಲ. ತಾಯಿ ಮರಿಯನ್ನೂ ಮರಿ ತಾಯಿಯನ್ನೂ ಹುಡುಕುತ್ತವೆ, ಗಂಡು ತನ್ನ ಹೆಣ್ಣುಗಳನ್ನು ಅರಸುತ್ತದೆ. ಒಡೆದ ಜಾಗದ ಸಮೀಪದಲ್ಲೇ, ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ಕುಳಿತು, ಅರ್ಧ ಗಂಟೆಯಷ್ಟು ಹೊತ್ತು ಕಾಡನ್ನು ಅದರಷ್ಟಕ್ಕೆ ಬಿಟ್ಟು, ಬಳಿಕ ದಾರಿತಪ್ಪಿದ ಎಲ್ಕ್‌ನಂತೆ ಉದ್ದನೆಯ, ಅಳುದನಿಯ ಕೂಗನ್ನು ಕೆಲವು ನಿಮಿಷಗಳ ಅಂತರದಲ್ಲಿ ಊದಬೇಕು. ನಡುನಡುವೆ ಮರಿಯ ಮೊಟಕಾದ, ಇನ್ನೂ ಎತ್ತರದ ದನಿ ಸೇರಿಸಿದರೆ ನಂಬಿಕೆ ಹೆಚ್ಚುತ್ತದೆ.

ಇಬ್ಬರಿದ್ದರೆ ಕೂಗುವವರು ಬಿಲ್ಲುಗಾರನಿಂದ ನಲವತ್ತು ಐವತ್ತು ಗಜ ಹಿಂದೆ ಇರುವುದು ಒಳ್ಳೆಯದು. ಒಮ್ಮೆ ಬೆದರಿದ ಎಲ್ಕ್ ನೇರವಾಗಿ ಬರದೆ, ಕೂಗಿನ ಮೂಲವನ್ನು ಮೂಸಿ ಪರೀಕ್ಷಿಸಲು ಗಾಳಿ ಹೋಗುವ ಬದಿಯಿಂದ ಬಳಸಿಕೊಂಡು ಬರುತ್ತದೆ. ಬಿಲ್ಲುಗಾರ ಆ ಬಳಸುದಾರಿಯನ್ನು ಊಹಿಸಿ, ತನ್ನ ವಾಸನೆ ಅದಕ್ಕೆ ತಾಗದಂತೆ ಅದರ ಒಳಬದಿಗೆ ಕುಳಿತಿರಬೇಕು. ನಿಮ್ಮ ಕೂಗು ಎಲ್ಕ್‌ಗಳನ್ನಷ್ಟೇ ಅಲ್ಲ, ಇತರ ಬೇಟೆಗಾರರನ್ನೂ ಕರೆಯುತ್ತದೆ ಎಂಬುದನ್ನು ಮರೆಯದೆ, ಬೆನ್ನಿಗೆ ದಪ್ಪನೆಯ ಮರವಿರುವ ಜಾಗದಲ್ಲೇ ಕೂರಿ. ಯಾರಾದರೂ ಕಂಡರೆ ಪೀಪಿ ಊದದೆ, ಗಟ್ಟಿಯಾಗಿ ಮನುಷ್ಯರ ಮಾತಿನಲ್ಲೇ ಕೂಗಿ ಹೇಳಿ.

ಬಾಣ ಬಿಟ್ಟ ಮೇಲೆ

ಮರಳಿ ಬಂದ ಎಲ್ಕ್ ಇನ್ನೂ ಬಿಗಿಯಾಗಿ ನಿಂತಿದ್ದರೆ ಬಾಣ ಬಿಡಬೇಡಿ. ಬಿಲ್ಲಿನ ಸದ್ದಿಗೆ ಅದು ಮೈ ಕುಗ್ಗಿಸಿ ಜಿಗಿದರೆ ಪೆಟ್ಟು ತಪ್ಪಿದ ಕಡೆ ಬಿದ್ದು ಪ್ರಾಣಿ ನರಳುತ್ತದೆ. ಮೈ ಸಡಿಲಿಸಿ, ಪಕ್ಕೆ ತೋರಿಸಿ ನಿಂತಾಗಲಷ್ಟೇ ಬಿಡಬೇಕು. ಬಾಣ ತಗುಲಿದ ಕ್ಷಣದಲ್ಲೇ ಮತ್ತೊಮ್ಮೆ ಹೆಣ್ಣುಕೂಗನ್ನು ಊದಿದರೆ, ಪೆಟ್ಟು ತಿಂದ ಪ್ರಾಣಿ ಏನಾಯಿತೆಂದು ತಿಳಿಯದೆ ಕೆಲವೇ ಗಜಗಳ ದೂರದಲ್ಲಿ ನಿಂತುಬಿಡುವುದುಂಟು. ಅದು ಕಣ್ಮರೆಯಾದರೂ ಕೂಡಲೇ ಬೆನ್ನಟ್ಟದೆ, ಕನಿಷ್ಠ ಅರ್ಧ ಗಂಟೆ ಕಾದು, ಬಾಣ ತಗುಲಿದ ಜಾಗದಿಂದ ರಕ್ತದ ಜಾಡು ಹಿಡಿದು ನಿಧಾನವಾಗಿ ಹೊರಡಿ.